ನಾಲ್ಕರ ಬಳ್ಳಿ, ಏಳರ ಪೊದೆ

ಆಟದ ಎಲೆಯನ್ನು ಕಂಬಳಿಯ ಮೇಲೆ ಚಟ್ಟನೆ ಬಡಿದು, ಅಲ್ಲಿದ್ದ ಇನ್ನೊಂದರ ಜೊತೆ ಬಾಚಿ ತನ್ನ ಮುಂದಕ್ಕೆ ಎಳೆದುಕೊಂಡ ಮೇಲೆ ಗ್ಯೇಸುನ್‌ಗೆ ತಾನು ತೆಗೆದದ್ದು ತಪ್ಪು ಜೋಡಿ ಎಂದು ಗೊತ್ತಾಯಿತು. ನಾಲ್ಕನೆಯ ತಿಂಗಳ ಬಳ್ಳಿಯನ್ನು ಏಳನೆಯ ತಿಂಗಳ ಪೊದೆಯ ಮೇಲೆ ಹಾಕಿದ್ದಳು.

ಎದುರಿಗಿದ್ದ ಚುನ್‌ಜಾ ಆಗತಾನೇ ಬಂದವರ ಕಡೆ ತಿರುಗಿ, "ಸಾರು ಬಿಸಿ ಇದೆ, ಮೊದ್ಲು ಉಣ್ಣಿ. ಅಳೋದು ಆಮೇಲೆ" ಎನ್ನುತ್ತಿದ್ದಳು. ಬಲಕ್ಕೆ ಕೂತಿದ್ದ ಮಗ ಇನ್‌ಹೊ ತನ್ನ ಎಲೆಗಳನ್ನು ನೋಡುತ್ತಿದ್ದ. ನೋಡುತ್ತಿದ್ದನೋ, ನೋಡುವವನಂತೆ ಇದ್ದನೋ.

ಒಳಕೋಣೆಯಲ್ಲಿ ಬಿಳಿ ಸೇವಂತಿಗೆಗಳ ನಡುವೆ ತೀರಿಕೊಂಡ ಗೆಳತಿ ಒಕ್‌ಬುನ್‌ಳ ಪಟ. ಶವಪೆಟ್ಟಿಗೆ ಹೊರಡುವ ತನಕ ಸತ್ತವರನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಪಕ್ಕದಲ್ಲೇ ಊಟ, ಮಾತು, ಹನ್ನೆರಡು ತಿಂಗಳಿಗೆ ಹನ್ನೆರಡು ಹೂವಿನ ಎಲೆಗಳ ಹ್ವಾತು ಆಟ ನಡೆಯುತ್ತಿರಬೇಕು. ಎಲೆಗಳೂ ಒಕ್‌ಬುನ್‌ಳವೇ. ಅವಳ ಪಾರ್ಲರಿನಿಂದ ಮಗಳು ಮಿರನ್ ಬೆಳಿಗ್ಗೆ ತಂದುಕೊಟ್ಟಿದ್ದಳು. ಬಣ್ಣ ಮಾಸಿ, ಕೆಂಪು ಯಾವುದು ಕಪ್ಪು ಯಾವುದು ತಿಳಿಯದಂತಾಗಿತ್ತು.

ಆಟಕ್ಕೆ ಮೂರನೆಯವರು ಯಾರು ಎಂದಾಗ, "ನಾನು ಕೂರ್ತೀನಿ" ಎಂದವನು ಇನ್‌ಹೊ. ಹೋದ ತಿಂಗಳು ಅವಳು ಒಲೆಯ ಮೇಲಿಟ್ಟು ಮರೆತ ಪಾತ್ರೆ ಸೀದು ಮನೆಯೆಲ್ಲ ಹೊಗೆ ತುಂಬಿದಾಗ, ಕಿಟಕಿಗಳನ್ನು ತೆರೆಯುತ್ತ ಇದೇ ತಣ್ಣನೆಯ ದನಿಯಲ್ಲಿ ಅವನು ಹೇಳಿದ್ದ: "ಇನ್ನೊಂದ್ಸಲ ಹೀಗಾದ್ರೆ ಆರೈಕೆ ಆಸ್ಪತ್ರೆಗೆ ಸೇರಿಸ್ತೀನಮ್ಮ. ನಂಗೂ ಬೇರೆ ದಾರಿ ಇಲ್ಲ."

*

"ಲೆಕ್ಕ ಹಾಕ್ಬೇಡ ಮಾರಾಯ್ತಿ, ಹೂವು ನೋಡು" ಎಂದಿದ್ದಳು ಒಕ್‌ಬುನ್.

ಗ್ಯೇಸುನ್ ಆಗ ಬೆಟ್ಟದ ಊರಿನಿಂದ ಈ ಬಂದರಿಗೆ ಹೊಸದಾಗಿ ಬಂದವಳು. ಬೆನ್ನಿಗೆ ಕಟ್ಟಿಕೊಂಡ ಕೂಸು ಇನ್‌ಹೊ. ತಲೆಗೆ ಸುರುಳಿ ಕಟ್ಟಿಸಿಕೊಂಡ ಹೆಂಗಸರು ಕೂದಲು ಗುಂಗುರಾಗುವ ತನಕ ಪಾರ್ಲರಿನ ಬಿಸಿ ನೆಲದ ಮೇಲೆ ಕಂಬಳಿ ಹಾಸಿ ಕೂರುತ್ತಿದ್ದರು.

"ಹೂವಿಗೆ ಹೂವು, ಅಷ್ಟೇ. ಕೈಲಿರೋದು ಕೆಳಗೂ ಇದ್ರೆ ಬಡಿ, ಎರಡೂ ನಿಂದು. ಆಮೇಲೆ ಗುಡ್ಡೆಯಿಂದ ಒಂದು ಎತ್ತು. ಜೋಡಿ ಸಿಕ್ರೆ ತಗೋ, ಸಿಗ್ಲಿಲ್ಲಾಂದ್ರೆ ಅಲ್ಲೇ ಬಿಡು."

"ಇವೆರಡೂ ಒಂದೇ ಥರ ಕಾಣ್ತವಲ್ಲ ಅಕ್ಕ?"

"ಇದು ಕೆಳಗೆ ಜೋತು ಬಿದ್ದಿದೆ ನೋಡು, ನೀನು ಒಳಗೆ ಬಂದಾಗ ನಿನ್ನ ಕೂದ್ಲಿತ್ತಲ್ಲ ಹಾಗೆ. ನಾಲ್ಕು. ಇದು ಮೇಲಕ್ಕೆ ನಿಂತಿದೆ, ನನ್ನ ಕೈಗೆ ಸಿಕ್ಕಿ ಹೊರಗೆ ಹೋಗುವಾಗಿನ ಹಾಗೆ. ಏಳು."

ಚುನ್‌ಜಾ ಬಿದ್ದು ಬಿದ್ದು ನಕ್ಕಿದ್ದಳು. ಇನ್‌ಹೊ ಅಕ್ಷರಕ್ಕಿಂತ ಮೊದಲು ಆ ಹೂವುಗಳನ್ನು ಕಲಿತದ್ದೂ ಅಲ್ಲೇ, ಒಕ್‌ಬುನ್‌ಳ ಮಡಿಲಲ್ಲಿ. ಗಂಡನನ್ನು ಕಡಲಿಗೆ ಕಳೆದುಕೊಂಡವಳು ಅವಳು. ಕೂದಲು ಗುಂಗುರು ಮಾಡುವ ಮದ್ದಿನ ನೀರಿಗೆ ಬೆರಳೆಲ್ಲ ಬಿರುಕು ಬಿಟ್ಟಿದ್ದರೂ ಊರಿನ ತಲೆಗಳನ್ನೆಲ್ಲ ತೊಳೆದಳು.

ಈಚೆಗೆ ಅವಳು ಆಟಕ್ಕೆ ಕೂರುವಾಗ ಗ್ಯೇಸುನ್‌ಳ ಪಕ್ಕವೇ ಬೇಕೆನ್ನುತ್ತಿದ್ದಳು. ಗ್ಯೇಸುನ್‌ಳ ಕೈ ತಪ್ಪು ಎಲೆಯ ಕಡೆ ಹೋದರೆ ಕಂಬಳಿಯ ಅಂಚಿನಡಿಯಲ್ಲಿ ಒಕ್‌ಬುನ್‌ಳ ಮೊಣಕಾಲು ಮೆಲ್ಲಗೆ ಒತ್ತುತ್ತಿತ್ತು. ಆ ಬಗ್ಗೆ ಇಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲ.

*

"ಇನ್‌ಹೊನ ಅಮ್ಮ, ನಿದ್ದೆನಾ? ನಿನ್ನ ಸರದಿ" ಎಂದಳು ಚುನ್‌ಜಾ.

ಗ್ಯೇಸುನ್ ದೇವದಾರುವಿಗೆ ದೇವದಾರು ಹಾಕಿದಳು. ಅದು ಸರಿ ಇತ್ತು. ಆದರೂ ಮೊದಲಿನ ತಪ್ಪು ಹಾಗೇ ಇತ್ತು. ಒಂದೊಂದು ಹೂವಿಗೆ ನಾಲ್ಕೇ ಎಲೆ. ಎಲ್ಲರೂ ಸರಿಯಾಗಿ ಆಡಿದರೆ ಕೊನೆಗೆ ಕಂಬಳಿ ಖಾಲಿಯಾಗಬೇಕು. ಇವತ್ತು ಖಾಲಿಯಾಗುವುದಿಲ್ಲ. ಒಂದು ಬಳ್ಳಿ, ಒಂದು ಪೊದೆ ಜೋಡಿಯಿಲ್ಲದೆ ಉಳಿಯುತ್ತವೆ. ಹಿಂದೊಮ್ಮೆ ಹೀಗೆ ಉಳಿದಾಗ ಚುನ್‌ಜಾ ಎಲ್ಲರೂ ಗೆದ್ದ ಎಲೆಗಳನ್ನು ಹರಡಿಸಿ, ತಪ್ಪು ಮಾಡಿದವಳ ಹೆಸರನ್ನು ಸಂತೆಯ ತುಂಬ ಹೇಳಿಕೊಂಡು ಬಂದಿದ್ದಳು.

"ಒಕ್‌ಬುನ್ ಇದ್ದಿದ್ರೆ ಇಷ್ಟೊತ್ತಿಗೆ ನಂಗೆ ಎರಡು ಸಲ ಬೈದಿರೋಳು" ಎಂದು ಚುನ್‌ಜಾ ಒಳಕೋಣೆಯ ಕಡೆ ಕತ್ತು ಚಾಚಿದಳು. "ಏ, ನೋಡ್ತಿದ್ದೀಯೇನೆ? ಇವತ್ತು ನಾನೇ ಗೆಲ್ಲೋದು."

"ದೊಡ್ಡಮ್ಮ, ಆಡಿ" ಎಂದ ಇನ್‌ಹೊ.

ಗುಡ್ಡೆ ಕರಗುತ್ತ ಬಂತು. ಬಳ್ಳಿಯೊಂದು ಬಳ್ಳಿಯನ್ನು ಕೊಂಡೊಯ್ದಿತು, ಪೊದೆಯೊಂದು ಪೊದೆಯನ್ನು. ಗ್ಯೇಸುನ್‌ಳ ಕೈ ಬರಿದಾಯಿತು. ಎಲೆಗಳನ್ನು ಕಲಸಿಬಿಡಲೇ, ಹೊಟ್ಟೆನೋವೆಂದು ಎದ್ದುಬಿಡಲೇ ಎಂದುಕೊಂಡಳು. ಏಳಲಿಲ್ಲ. ಎದ್ದರೆ ಅದೂ ತಪ್ಪಿನ ಗುರುತೇ.

ಚುನ್‌ಜಾಳ ಕೊನೆಯ ಆಟವೂ ಮುಗಿಯಿತು. ಕಂಬಳಿಯ ಮೇಲೆ ತೆರೆದು ಉಳಿದದ್ದು ಎರಡು ಎಲೆ. ಇನ್‌ಹೊ ತನ್ನ ಕೈಯ ಕೊನೆಯದನ್ನು ಹಾಕಿ ಎಂಟನೆಯ ತಿಂಗಳ ಬೆಟ್ಟಕ್ಕೆ ಬೆಟ್ಟವನ್ನು ತೆಗೆದ. ಇನ್ನು ಅಲ್ಲಿದ್ದದ್ದು ಒಂದು ಪೊದೆ, ಪಕ್ಕದಲ್ಲಿ ಗುಡ್ಡೆಯ ಕೊನೆಯ, ಮಗುಚಿದ ಒಂದೇ ಎಲೆ.

"ದೊಡ್ಡಮ್ಮಂದಿರೇ, ಪೆಟ್ಟಿಗೆ ಹೊರಡಿಸ್ತಿದ್ದಾರೆ" ಎಂದು ಬಾಗಿಲಲ್ಲಿ ಮಿರನ್ ಹೇಳಿದಳು. ಚುನ್‌ಜಾ ಅತ್ತ ತಿರುಗಿದಳು.

ಇನ್‌ಹೊ ಎಲೆಯನ್ನು ಎತ್ತಿದ. ಗ್ಯೇಸುನ್ ಕಣ್ಣು ಕಿರಿದು ಮಾಡಿ ನೋಡಿದಳು. ಜೋತು ಬಿದ್ದಿತ್ತು. ಬಳ್ಳಿ.

ಅವನು ಅದನ್ನು ಪೊದೆಯ ಮೇಲೆ ಇಟ್ಟ. ಬಡಿಯಲಿಲ್ಲ, ಇಟ್ಟ. ಎರಡನ್ನೂ ಒಟ್ಟಿಗೆ ಎಳೆದು ತನ್ನ ಎಲೆಗಳ ಅಡಿಗೆ ಸೇರಿಸಿದ.

ಚುನ್‌ಜಾ ಮತ್ತೆ ತಿರುಗಿ ಕಂಬಳಿ ನೋಡಿದಳು. "ಖಾಲಿ. ಸರಿಯಾಗಿದೆ" ಎಂದು ಮಂಡಿ ಹಿಡಿದುಕೊಂಡು ಎದ್ದು, ಒಳಕ್ಕೆ ಹೋದಳು.

"ಇನ್‌ಹೊ" ಎಂದಳು ಗ್ಯೇಸುನ್.

ಅವನು ಎಲ್ಲರ ಎಲೆಗಳನ್ನೂ ಒಟ್ಟುಗೂಡಿಸಿ ಕಲಸತೊಡಗಿದ್ದ. ಹೊರಗೆ ಶವದ ಬಂಡಿಯ ಬಾಗಿಲು ತೆರೆದ ಸದ್ದಾಯಿತು. ಅವನು ಕಲಸುತ್ತಲೇ ಇದ್ದ, ಹಂಚಲೂ ಇಲ್ಲ, ಕೆಳಗಿಡಲೂ ಇಲ್ಲ.