ತೊಂಬತ್ತು ಕಿಲೋ ಹಕ್ಕಿ

ಪ್ರಾರ್ಥನೆ ಮುಗಿದು ಮಕ್ಕಳು ತರಗತಿಗೆ ಹೋಗುವಾಗಲೂ ಆ ಬಿಳಿ ವ್ಯಾನು ಗೇಟಿನ ಎದುರು ನಿಂತೇ ಇತ್ತು. ಎರಡು ದಿನದಿಂದ ಹೀಗೇ. ಒಳಗೆ ಕೂತವನು ಇಳಿಯುತ್ತಿರಲಿಲ್ಲ. ಗಾಜು ಇಳಿಸಿ ಹೆಣ್ಣುಮಕ್ಕಳ ಸಾಲನ್ನು ನೋಡುತ್ತಿದ್ದ.

ಹನೂರು ತಾಲ್ಲೂಕಿನ ಹೂಗ್ಯಂ ದಾಟಿ ಕಾಡಂಚಿನಲ್ಲಿದ್ದ ಆ ಶಾಲೆಯಲ್ಲಿ ಅನಸೂಯಮ್ಮ ಒಂಬತ್ತು ವರ್ಷದಿಂದ ಕನ್ನಡ ಕಲಿಸುತ್ತಿದ್ದರು. ಕೊಳ್ಳೇಗಾಲದ ನೇಕಾರರ ಮನೆಯ ಮಗಳು. ಅವರು ಹಾಜರಿ ಪುಸ್ತಕ ತೆರೆಯುವಷ್ಟರಲ್ಲಿ ದೊಡ್ಡಮಾದಪ್ಪ ಬಾಗಿಲಲ್ಲಿ ನಿಂತ. ಏಳನೇ ತರಗತಿಯ ಮಂಗಳಳ ಅಪ್ಪ.

"ಮೇಡಮ್ಮೋರೆ, ಮಂಗಳನ ಎಸ್ರು ತಗ್ದಾಕ್ಬುಡಿ. ಸನಿವಾರ ಆ ವ್ಯಾನಲ್ಲಿ ಬಟ್ಟೆ ಮಿಲ್ಲಿಗೆ ಓಯ್ತಾಳೆ."

"ಅವಳಿಗಿನ್ನೂ ಹನ್ನೆರಡು ವರ್ಷ, ಮಾದಪ್ಪ. ಕಾನೂನು ಒಪ್ಪಲ್ಲ."

"ಕಾನೂನು ಇಲ್ಲೀಗಂಟ ಬರಕ್ಕೆ ಬಸ್ಸೇ ಇಲ್ವಲ್ಲ!" ಅವನು ನಕ್ಕ. ಆಮೇಲೆ ಜೇಬಿನಿಂದ ಪ್ರಗತಿ ಪತ್ರ ತೆಗೆದ. "ನೀವೇ ಬರ್ದಿದ್ದೀರಿ. ನಂಗೆ ಓದಕ್ ಬರಕಿಲ್ಲ, ಪಕ್ಕದ ಮನೇವ್ರು ಓದಿ ಏಳುದ್ರು. ಇಷ್ಟ ಇಲ್ದೋಳ್ನ ಕೂರಿಸ್ಕಂಡು ಏನ್ ಮಾಡೀರಿ? ಅವ್ಳಿಗೆ ತಾಯಿಲ್ಲ. ನಾ ಕೂಲಿಗೋದ್ರೆ ಒಬ್ಳೇ ಮನೇಲಿರ್ತಾಳೆ. ಅಲ್ಲಾದ್ರೆ ಜತೆಗೆ ಎಣ್ಮಕ್ಳವ್ರೆ."

'ಕಲಿಕೆಯಲ್ಲಿ ಆಸಕ್ತಿ ಇಲ್ಲ.' ಅನಸೂಯಮ್ಮನ ಗುಂಡು ಅಕ್ಷರ. ಅದರ ಕೆಳಗೆ ಗಣಿತದ ಶಿವಪ್ರಕಾಶ್ ಬರೆದದ್ದೂ ಅದೇ ಮಾತು.

ಮಧ್ಯಾಹ್ನ ಬಿಸಿಯೂಟದ ಶಿವಮ್ಮ ಎಂದಿನಂತೆ ತಟ್ಟೆ ಮುಚ್ಚಿದ ಟೀ ಲೋಟ ತಂದಿಟ್ಟು, ಸಂಗತಿ ಕೇಳಿ ಅಲ್ಲೇ ಕೂತಳು.

"ಆಸಕ್ತಿ ಇಲ್ವಾ? ಐಕ್ಳು ಎಷ್ಟ್ ಬಂದವ್ರೆ ಅಂದ್ರೆ ಸಾಕು, ಎಷ್ಟ್ ಅಕ್ಕಿ ಆಕ್ಬೇಕು ಅಂತ ಬಾಯಲ್ಲೇ ಏಳ್ತಾಳೆ ಕಣವ್ವ. ಒಲೆ ಮುಂದೆ ನಾ ಅವ್ಳನ್ನೇ ಕೇಳದು."

ಆ ಶಾಲೆಯಲ್ಲಿ ಒಬ್ಬರು ತಿದ್ದಿದ ಪುಸ್ತಕವನ್ನು ಇನ್ನೊಬ್ಬರು ತೆರೆಯುತ್ತಿರಲಿಲ್ಲ. ಅದನ್ನೇ ಮರ್ಯಾದೆ ಎಂದುಕೊಂಡಿದ್ದರು. ಅಂದು ಅನಸೂಯಮ್ಮ ಮಂಗಳಳ ಕನ್ನಡ ಪುಸ್ತಕ ಹಿಡಿದು ಶಿವಪ್ರಕಾಶನ ಮೇಜಿಗೆ ಹೋದರು.

"ಏನ್ ಮೇಡಂ, ತಪಾಸಣೆಯಾ?"

"ಅಲ್ಲಪ್ಪ. ನನ್ನದೂ ತಂದಿದ್ದೀನಿ, ನೋಡು."

ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಬಿಡಿಸಿಟ್ಟರು. ಗಣಿತದ್ದರಲ್ಲಿ ಜುಲೈ ತಿಂಗಳ ಒಂದು ಮಂಗಳವಾರದ ನಂತರ ಉತ್ತರಗಳೇ ಇರಲಿಲ್ಲ. ದಿನಕ್ಕೆ ಹದಿನೈದು ಕಿಲೋ ಅಕ್ಕಿ ಬೇಕಾದರೆ ಆರು ದಿನಕ್ಕೆ ಎಷ್ಟು? ಮಂಗಳ ಕೊನೆಯದಾಗಿ ಬರೆದ ಉತ್ತರ: 'ತೊಂಬತ್ತು ಕಿಲೋ ಹಕ್ಕಿ.'

"ತಮಾಷೆಗೆ ಕೇಳಿದೆ," ಎಂದ ಶಿವಪ್ರಕಾಶ್. "ಲೇ ಮಂಗಳ, ಇಷ್ಟೊಂದು ಹಕ್ಕಿ ಎಲ್ಲಿ ಹಿಡಿದ್ಯೇ ಅಂತ. ಎಲ್ಲರೂ ನಕ್ಕರು. ಈಗಲೂ ಹುಡುಗರು ಅವಳನ್ನ ಹಕ್ಕಿ ಅಂತಲೇ ಕರೆಯೋದು."

"ಲೆಕ್ಕ ಸರಿಯಿತ್ತಾ?"

ಅವನು ಪುಟದ ಮೇಲೆ ಬೆರಳಿಟ್ಟು ಮತ್ತೆ ಗುಣಿಸಿ ನೋಡಿದ. "ಸರಿಯಿತ್ತು, ಮೇಡಂ. ತೊಂಬತ್ತೇ."

ಅನಸೂಯಮ್ಮ ಕನ್ನಡ ಪುಸ್ತಕದಲ್ಲಿ ಆ ಮಂಗಳವಾರದ ಹಿಂದಿನ ದಿನದ ಪುಟ ತಿರುಗಿಸಿದರು. ಅಣ್ಣು, ಅಸು, ಅಬ್ಬ. ಊರಿನವರು ಆಡುವಂತೆಯೇ ಮಗು ಬರೆದಿತ್ತು. ಸುತ್ತ ಕೆಂಪು ಸುತ್ತುಗಳು. ಕೆಳಗೆ ಅವರೇ ನೂರು ಸಲ ಬರೆಸಿದ ಶಿಕ್ಷೆ: ಹ ಹ ಹ ಹ. ಪುಟದ ತುಂಬ ಯಾರೋ ನಿಲ್ಲಿಸದೆ ನಗುತ್ತಿರುವಂತೆ ಕಂಡಿತು.

"ಸೋಮವಾರ ನಾನು ಹೆದರಿಸಿದೆ. ಹೆದರಿ ಮಗು ಎಲ್ಲ ಕಡೆ ಹ ಹಾಕಿತು. ಮಂಗಳವಾರ ನೀನು ನಕ್ಕೆ. ಒಂದು ದಿನ ಒಟ್ಟಿಗೆ ಕೂತು ನೋಡಿದ್ದರೆ..."

ಶಾಲೆ ಬಿಟ್ಟ ಮೇಲೆ ಇಬ್ಬರೂ ದೊಡ್ಡಮಾದಪ್ಪನ ಮನೆಗೆ ನಡೆದರು. ಎರಡೂ ಕಡೆ ಲಂಟಾನದ ಪೊದೆ ಆಳೆತ್ತರ ಬೆಳೆದಿತ್ತು. ಆನೆ ಮುರಿದ ಕೊಂಬೆಗಳು ದಾರಿಯಲ್ಲಿ ಹಸಿಹಸಿಯಾಗಿ ಬಿದ್ದಿದ್ದವು. ಕೇಳದೆಯೇ ಶಿವಪ್ರಕಾಶ್ ಕಾಡಿನ ಬದಿಗೆ ಬಂದು ನಡೆದ. ಅನಸೂಯಮ್ಮ ಅದನ್ನು ಗಮನಿಸಿದರು. ಹಿಂದಿನಿಂದ ವ್ಯಾನು ನಿಧಾನವಾಗಿ ಬಂದು, ಪಕ್ಕದಲ್ಲೇ ನಾಲ್ಕು ಹೆಜ್ಜೆ ಉರುಳಿ, ಮುಂದೆ ಹೋಯಿತು.

ದೊಡ್ಡಮಾದಪ್ಪ ಎಲ್ಲ ಕೇಳಿದ. "ಅಂಗಾರೆ ತಪ್ಪು ನನ್ ಮಗಳ್ದಲ್ಲ?"

"ನಮ್ಮದು," ಎಂದರು ಅನಸೂಯಮ್ಮ. ಶಿವಪ್ರಕಾಶ್ ತಲೆತಗ್ಗಿಸಿ, "ನಮ್ಮಿಬ್ರದೂ," ಎಂದ.

"ಮೇಷ್ಟ್ರು ಇಂಗಂದದ್ದ ನಾ ಕೇಳೇ ಇಲ್ಲ." ಅವನು ಗೋಡೆಯ ಕಡೆ ತಿರುಗಿದ. "ಪರೀಕ್ಸೆಗಂಟ ನೋಡ್ತೀನಿ. ಆಮೇಕೆ ನನ್ ಕೇಳ್ಬ್ಯಾಡಿ. ನಾ ಬರಗಂಟ ಅವ್ಳು ಎಲ್ಲಿರದು?"

"ನನ್ನ ಜೊತೆ ಶಾಲೇಲಿ ಇರ್ತಾಳೆ," ಎಂದರು ಅನಸೂಯಮ್ಮ. ಪ್ರಗತಿ ಪತ್ರ ಇಸಿದುಕೊಂಡು ತಮ್ಮ ಸಾಲು ಹೊಡೆದುಹಾಕಿ, ಪೆನ್ನನ್ನು ಶಿವಪ್ರಕಾಶನಿಗೆ ಕೊಟ್ಟರು.

ಶನಿವಾರ ಗಣಿತದ ಪಾಠಕ್ಕೆ ಅನಸೂಯಮ್ಮ ಹಿಂದಿನ ಬೆಂಚಿನಲ್ಲಿ ಮಂಗಳಳ ಪಕ್ಕ ಕೂತರು. ಹೊರಗೆ ವ್ಯಾನಿನ ಹಾರನ್ ಮೂರು ಸಲ ಕೂಗಿತು. ಮಂಗಳಳ ಬೆರಳುಗಳು ಅವರ ಸೀರೆಯ ಅಂಚನ್ನು ಹಿಡಿದುಕೊಂಡವು.

"ಮೂರು ದಿನಕ್ಕೆ ಆರು ಕಿಲೋ ಬೇಳೆ ಆದ್ರೆ, ಒಂಬತ್ತು ದಿನಕ್ಕೆ?" ಶಿವಪ್ರಕಾಶ್ ಕೇಳಿದ.

ಮಂಗಳ ಸೀರೆಯ ಅಂಚು ಬಿಡದೆಯೇ ಎದ್ದು ನಿಂತಳು.

"ಅದಿನೆಂಟು, ಸಾ."

ನಗಲು ಹೊರಟ ಒಬ್ಬ ಹುಡುಗನನ್ನು ಶಿವಪ್ರಕಾಶ್ ಒಮ್ಮೆ ನೋಡಿ, ಬೋರ್ಡಿನ ಮೇಲೆ ದೊಡ್ಡದಾಗಿ 18 ಎಂದು ಬರೆದ. ಅನಸೂಯಮ್ಮ ಏನನ್ನೂ ತಿದ್ದಲಿಲ್ಲ.

ವ್ಯಾನು ಹೊರಟ ಸದ್ದಾಯಿತು. ಅದು ಹನೂರಿನ ಕಡೆ ಹಿಂತಿರುಗಲಿಲ್ಲ, ಇನ್ನೂ ಒಳಗಿನ ಊರಿನ ದಾರಿ ಹಿಡಿಯಿತು. ಅನಸೂಯಮ್ಮ ಕಿಟಕಿಯಿಂದ ಅದರ ಧೂಳನ್ನೇ ನೋಡುತ್ತಿದ್ದು, ಎದ್ದು ಮುಂದೆ ಬಂದು ಶಿವಪ್ರಕಾಶನನ್ನು ತಗ್ಗಿದ ದನಿಯಲ್ಲಿ ಕೇಳಿದರು:

"ಆ ಊರಿನ ಶಾಲೇಲಿ ಯಾರಪ್ಪ ಮೇಷ್ಟ್ರು? ನಂಬರ್ ಇದೆಯಾ ನಿನ್ನ ಹತ್ರ?"