ಕೊಯೋ ಮಾರುವಿನ ಬಾವುಟ

"ಅಪ್ಪನ್ನ ಹುಡುಕೋಕಾಗದೋನು ಅಪ್ಪನ ಬಟ್ಟೆ ಹುಡುಕ್ಕೊಂಡು ಬಂದವ್ನೆ, ನೋಡ್ರಪ್ಪ."

ಒನೊದೆರಾ ಇದನ್ನು ಏಣಿಯ ಪಕ್ಕದಲ್ಲಿ ನಿಂತು, ಕ್ರಿಸ್‌ಮಸ್ ಕೂಟಕ್ಕೆ ಸೇರಿದ್ದ ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದ. ಚಾಪೆಯ ಮೇಲೆ ಕೂತಿದ್ದವರಲ್ಲಿ ಒಬ್ಬಿಬ್ಬರು ನಕ್ಕೇಬಿಟ್ಟರು. ನಕ್ಕ ಮೇಲೆ ನಾಚಿಕೆಯಾಗಿ ಕೈಯಲ್ಲಿದ್ದ ಕೇಕಿನ ತಟ್ಟೆ ನೋಡತೊಡಗಿದರು. ಏಣಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಗೆಂತಾ ಹಾಗೆಯೇ ನಿಂತ. ಅವಶೇಷ ಎತ್ತುವ ಕೆಲಸದಿಂದ ನೇರ ಬಂದಿದ್ದ. ಬೂಟು ಬಾಗಿಲಲ್ಲಿ ಬಿಟ್ಟಿದ್ದರೂ ಕಾಲುಚೀಲ ಒದ್ದೆಯಾಗಿ, ಬಾಗಿಲಿಂದ ಏಣಿಯವರೆಗೆ ಚಾಪೆಯ ಮೇಲೆ ಅವನ ಹೆಜ್ಜೆ ಮೂಡಿತ್ತು.

ಅವನ ತಲೆಯ ಮೇಲೆ ಗೋಡೆಯ ತುಂಬ ಕೊಯೋ ಮಾರು ದೋಣಿಯ ಬಾವುಟ ಹರಡಿತ್ತು. ಕೆಂಪು ಸೂರ್ಯ, ನೀಲಿ ಅಲೆ, ಅಲೆಯಿಂದ ನೆಗೆದ ದೊಡ್ಡ ಮೀನು, ನಡುವೆ ದಪ್ಪ ಬಿಳಿ ಅಕ್ಷರದಲ್ಲಿ ದೋಣಿಯ ಹೆಸರು. ಒಂದು ಅಂಚಿನಲ್ಲಿ ಮಾತ್ರ ಎಣ್ಣೆಯ ಕಲೆ ಹೋಗದೆ ಉಳಿದಿತ್ತು. ಅದರ ಮುಂದೆ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರ, ಮರದ ಬುಡದಲ್ಲಿ ಗೋದಲಿ. ಹುಲ್ಲು ಸಿಗದೆ ಹರಿದ ಮೀನಿನ ಬಲೆಯನ್ನೇ ಹಾಸಿ ಅದರಲ್ಲಿ ಮಣ್ಣಿನ ಕೂಸನ್ನು ಮಲಗಿಸಿದ್ದರು.

"ಇಳಿಸ್ತೀನಿ ಅಷ್ಟೇ. ನಿಂಗೇನು ಕಷ್ಟ?" ಎಂದ ಗೆಂತಾ.

"ಇಳೀಲೇ ಕೆಳಗೆ. ಹೊರದೇಶದೋರು ಕೂತವ್ರೆ ಮುಂದೆ. ಹೈಸ್ಕೂಲಾದ್ರೂ ಮುಗಿಸಿದ್ರೆ ನಾಲ್ಕು ಜನದ ಮುಂದೆ ಹೆಂಗಿರಬೇಕು ಅಂತ ಗೊತ್ತಾಗ್ತಿತ್ತು ನಿಂಗೆ."

"ಇದು ಯಾರ ದೋಣೀದು ಅಂತ ಗೊತ್ತಿದ್ದೇ ಕಟ್ಟಿದ್ಯಾ, ಚಿಕ್ಕಪ್ಪ?"

ಒನೊದೆರಾ ಮುಂದಿನ ಕುರ್ಚಿಗಳ ಕಡೆ ಕಣ್ಣು ಹಾಯಿಸಿದ. ಗೊತ್ತಿಲ್ಲದೆ ಏನು? ಗೆಂತಾನ ಅಪ್ಪ ತೊಕುಜೋ ಮತ್ತು ಅವನು ಅಣ್ಣತಮ್ಮಂದಿರ ಹಾಗೆ ಬಂದರಿನ ಒಂದೇ ಕಟ್ಟೆಗೆ ದೋಣಿ ಕಟ್ಟಿದವರು. ಮಾರ್ಚಿನಲ್ಲಿ ಭೂಮಿ ನಡುಗಿ ನಿಂತ ಕೂಡಲೇ ಇಬ್ಬರೂ ದೋಣಿ ಬಿಚ್ಚಿ ಆಳ ಕಡಲಿಗೆ ಓಡಿಸಿದ್ದರು. ಅಲೆ ಏಳುವ ಮೊದಲು ಆಳ ಮುಟ್ಟಿದರೆ ದೋಣಿ ಉಳಿಯುತ್ತದೆ, ದೋಣಿ ಉಳಿದರೆ ಮನೆ ಉಳಿಯುತ್ತದೆ ಎಂದು ಆ ಕಡಲತೀರದಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದದ್ದು. ಒನೊದೆರಾನ ದೋಣಿ ಮೂರನೆಯ ದಿನ ವಾಪಸ್ಸು ಬಂತು. ಕೊಯೋ ಮಾರು ಬರಲಿಲ್ಲ. ಹಲಗೆಯೂ ಬರಲಿಲ್ಲ, ಮನುಷ್ಯನೂ ಬರಲಿಲ್ಲ.

ಬಂದದ್ದು ಬಾವುಟ. ದೋಣಿಗೆ ಹತ್ತದೆ ದಡದಲ್ಲೇ ಉಳಿದಿದ್ದ ಅದು ಬಲೆಯಿಡುವ ಕೊಟ್ಟಿಗೆಯ ಕೆಳಗಿನ ಕೆಸರಿನಲ್ಲಿ ಸಿಕ್ಕಿತ್ತು. ಮಿಷನ್ನಿನವರ ತೊಳೆಯುವ ಡೇರೆಗೆ ಊರಿನ ಎಲ್ಲ ಸಾಮಾನೂ ಹೋಗುತ್ತಿತ್ತು: ಫೋಟೊ, ಶಾಲೆಯ ಚೀಲ, ಮದುವೆಯ ಸೀರೆಯಂಥ ಕಿಮೊನೊ. ಹೋಲ್ಮ್ ಪಾದ್ರಿಯ ಹೆಂಡತಿ ಇಂಗ್ರಿದ್ ಆ ಬಾವುಟವನ್ನು ತಣ್ಣೀರಿನಲ್ಲಿ ದಿನಗಟ್ಟಲೆ ಉಜ್ಜಿ ಬಣ್ಣ ವಾಪಸ್ಸು ತಂದಿದ್ದಳು. ಅವಳ ಬೆರಳುಗಳು ಬಿರಿದು ರಕ್ತ ಬಂದದ್ದನ್ನು ಎಲ್ಲರೂ ನೋಡಿದ್ದರು. ಇಷ್ಟು ಚೆಂದದ್ದು ಈ ಊರಿನಲ್ಲಿ ಇನ್ನೇನು ಉಳಿದಿದೆ, ಇದನ್ನೇ ಕ್ರಿಸ್‌ಮಸ್ಸಿಗೆ ಪರದೆ ಮಾಡೋಣ ಎಂದಳು. ಗೆಂತಾನೂ ಅವನ ಅಮ್ಮನೂ ಆಗ ಅಲ್ಲಿರಲಿಲ್ಲ; ಇದ್ದವರೆಲ್ಲ ಆಗಲಿ ಎಂದು ತಲೆಯಾಡಿಸಿದರು. ಒಬ್ಬರಾದರೂ ಬಾಯಿ ಬಿಡಲಿಲ್ಲ. ಒನೊದೆರಾ ತಾನೇ ಏಣಿ ತಂದು ಕಟ್ಟಿದ.

"ಹೇಳೋದು ಹೆಂಗಪ್ಪ?" ಎಂದಳು ಮುದುಕಿ ಫುಸಾ, ಗೆಂತಾನ ಮುಖ ನೋಡದೆ. "ಬಾಯ್ತುಂಬ ಅವರ ಕೇಕು ಇಟ್ಕೊಂಡು?"

"ಕೇಕು ನುಂಗಿ ಆದ್ಮೇಲೆ ಹೇಳಬೋದಿತ್ತಲ್ಲ, ಅಜ್ಜಿ."

"ನುಂಗೋದ್ರೊಳಗೆ ಇನ್ನೊಂದು ಕೊಡ್ತಾರೆ ಕಣೋ."

ಮತ್ತೆ ನಗು. ಈ ಸಲ ಯಾರೂ ನಾಚಿಕೊಳ್ಳಲಿಲ್ಲ. ಗೆಂತಾನ ಕಿವಿ ಕಾದ ಕಬ್ಬಿಣದ ಹಾಗಾಯಿತು. ಈ ನಗು ಅವನಿಗೆ ಗೊತ್ತಿತ್ತು. ಮನೆ ಕಳಕೊಂಡವರಿಗೆ ಕಟ್ಟಿಕೊಟ್ಟ ತಗಡಿನ ಮನೆಗಳಿಗೆ ಬಂದಾಗಿನಿಂದ ಇವರೆಲ್ಲ ಹೀಗೇ ನಗುತ್ತಾರೆ. ಕಂಬಳಿ ಕೊಟ್ಟವರಿಗೆ ಬಗ್ಗುತ್ತಾರೆ, ಫೋಟೊ ತೆಗೆಯಲು ಬಂದವರಿಗೆ ಬಗ್ಗುತ್ತಾರೆ, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ನಗುತ್ತಾರೆ. ಮೊದಲು ಯಾರಾದರೂ ಒಂದು ಮೂಲಂಗಿ ಕೊಟ್ಟರೆ ಸಂಜೆಯೊಳಗೆ ಎರಡು ಮೀನು ಹಿಡಿದು ಅವರ ಬಾಗಿಲಿಗೆ ಹೋಗುತ್ತಿದ್ದ ಜನ. ವಾಪಸ್ಸು ಕೊಡಲು ಕೈಯಲ್ಲಿ ಏನೂ ಇಲ್ಲದ್ದಕ್ಕೆ ಈಗ ಮಾತನ್ನೇ ನುಂಗಿ ಕೊಡುತ್ತಿದ್ದರು. ತೊಕುಜೋನ ಬಾವುಟವನ್ನೂ ಹಾಗೇ ಕೊಟ್ಟಿದ್ದರು.

ಆ ಬಾವುಟ ಗೋಡೆಗೆ ಹಾಕುವುದಲ್ಲ. ಹೊಟ್ಟೆ ತುಂಬ ಮೀನು ತುಂಬಿಕೊಂಡು ಬರುವ ದೋಣಿ ಕೊಲ್ಲಿಯ ಬಾಯಿಗೆ ಬಂದಾಗ ಏರಿಸುವುದು. ದಡದಲ್ಲಿರುವವರಿಗೆ ಅದು ಮಾತು: ಬಂದೆ, ತುಂಬಿಕೊಂಡು ಬಂದೆ. ಗೆಂತಾನ ಅಮ್ಮ ಕಿನುಯೋ ಅಡುಗೆಮನೆಯ ಕಿಟಕಿಯಿಂದ ಆ ಕೆಂಪು ಕಂಡ ಗಳಿಗೆಯೇ ಏಪ್ರನ್ ಬಿಚ್ಚಿ, ತಲೆಗೆ ಬಿಳಿ ಟವೆಲ್ ಕಟ್ಟಿ, ಬಿಸಿ ಸಾರಿನ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಟ್ಟೆಗೆ ಇಳಿಯುತ್ತಿದ್ದಳು. ಗಂಡ ನೆಲಕ್ಕೆ ಕಾಲಿಡುವ ಮೊದಲು ಆ ಬಟ್ಟಲು ಅವನ ಕೈಯಲ್ಲಿರಬೇಕು. ಇದು ಅವರಿಬ್ಬರ ನಡುವಿನ ಕಟ್ಟಳೆ. ಊರಿನಲ್ಲಿ ಇದನ್ನು ಹೇಳಿ ಅವಳನ್ನು ರೇಗಿಸದವರಿಲ್ಲ.

ಈಗಲೂ ದಿನಾ ಬೆಳಿಗ್ಗೆ ಗಂಡನ ತಟ್ಟೆಗೆ ಮೊದಲು ಬಡಿಸುತ್ತಾಳೆ. ದೂರ ಹೋದವನು ಹಸಿಯಬಾರದೆಂದು ಇಡುವ ತಟ್ಟೆ ಅದು, ಸತ್ತವರಿಗೆ ಇಡುವುದಲ್ಲ. ಸಾವಿನ ಕಾಗದಕ್ಕೆ ಮುದ್ರೆ ಒತ್ತಿ ಎಂದು ಹೇಳಲು ಬಂದವರಿಗೆ ಟೀ ಕೊಟ್ಟು ಕಳಿಸಿದ್ದಾಳೆ. ಮಗ ಅದರ ಬಗ್ಗೆ ಒಂದು ಮಾತೂ ಆಡಿಲ್ಲ.

ಇವತ್ತು ಅವಳು ಈ ಕೋಣೆಯ ಹಿಂದಿನ ಅಡುಗೆಮನೆಯಲ್ಲಿ, ಜಾರುಬಾಗಿಲಿನ ಆಚೆ, ಹಂದಿಮಾಂಸ ಮೂಲಂಗಿ ಹಾಕಿದ ಮಿಸೊ ಸಾರು ಕುದಿಸುತ್ತಿದ್ದಳು. ಬೆಳಿಗ್ಗೆಯೇ ಹಿಂಬಾಗಿಲಿನಿಂದ ಒಳಗೆ ಹೋದವಳು. ಇನ್ನೂ ಈ ಕಡೆ ಬಂದಿರಲಿಲ್ಲ.

"ಅಮ್ಮ ನೋಡೋದ್ರೊಳಗೆ ಇಳಿಸ್ಬೇಕು," ಎಂದ ಗೆಂತಾ, ಧ್ವನಿ ತಗ್ಗಿಸಿ. ಬೇಡುವ ಧ್ವನಿ ಅದು. ತನಗೇ ಕೇಳಿಸಿ ಹೇಸಿಗೆಯಾಯಿತು.

"ನೋಡ್ಲಿ ಬಿಡು. ಎಷ್ಟು ದಿನ ಅಂತ ಆ ತಟ್ಟೆ ಇಡ್ತಾಳೆ ಅತ್ತಿಗೆ? ನೋಡಿದ್ರೆ ಅತ್ತು ಮುಗೀತದೆ." ಒನೊದೆರಾ ಏಣಿಯನ್ನು ಭದ್ರವಾಗಿ ಹಿಡಿದುಕೊಂಡ. "ಮುಂದೆ ಕೂತಿರೋರು ನಮ್ಮ ಮೀನುಗಾರರ ಸಂಘಕ್ಕೆ ದೋಣಿ ಕೊಡೋರು. ಆ ದೋಣೀಲಿ ನಿಂಗೂ ಕೆಲ್ಸ ಐತೆ. ಅದನ್ನ ತಲೇಲಿಟ್ಕೊ."

"ನಿನ್ನ ದೋಣಿ ವಾಪಸ್ ಬಂತಲ್ಲ. ನಿಂದೇ ಬಾವುಟ ಕಟ್ಟು."

ಒನೊದೆರಾನ ಮುಖದಿಂದ ರಕ್ತ ಇಳಿಯಿತು. ಅವನು ಕೈ ಎತ್ತುತ್ತಿದ್ದನೋ ಏನೋ, ಅಷ್ಟರಲ್ಲಿ ಹೋಲ್ಮ್ ಪಾದ್ರಿ ಬಂದ.

ಎತ್ತರದ ಆಳು. ಬಾಗಿಲಲ್ಲಿ ತಲೆ ಬಗ್ಗಿಸಿ ಬಗ್ಗಿಸಿ ಕತ್ತೇ ಮುಂದಕ್ಕೆ ಬಾಗಿತ್ತು. ನಾರ್ವೆಯಿಂದ ಬಂದು ಪಕ್ಕದ ಊರಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದ. ಆತನ ದೇವರಿಗಿಂತ ಆತ ಸುಡುವ ಬ್ರೆಡ್ಡೇ ರುಚಿ ಎಂದು ಜನ ತಮಾಷೆ ಮಾಡುತ್ತಿದ್ದರು. ಅಲೆ ಬಂದ ಮೇಲೆ ಆ ತಮಾಷೆ ನಿಂತಿತು. ಸಲಿಕೆ ಹಿಡಿದು ಬಂದ ಮೊದಲನೆಯವನು ಆತನೇ. ಗೆಂತಾನ ಮನೆಯ ಕಪ್ಪು ಕೆಸರನ್ನು ಗೆಂತಾನ ಪಕ್ಕದಲ್ಲೇ ನಿಂತು ಎತ್ತಿದ್ದ. ಕೆಸರಿನಲ್ಲಿ ಸಿಕ್ಕ, ಮನೆಯಲ್ಲಿ ಪೂಜೆಗಿಡುವ ಸತ್ತ ಹಿರಿಯರ ಹೆಸರಿನ ಹಲಗೆಗಳನ್ನು, ತನ್ನ ದೇವರದಲ್ಲದ ಹಲಗೆಗಳನ್ನು, ತೊಳೆದು ಎರಡೂ ಕೈಯಲ್ಲಿ ಕಿನುಯೋಗೆ ಕೊಟ್ಟಿದ್ದ. ಇಂಥವನ ಮೇಲೆ ಹೇಗೆ ಸಿಟ್ಟು ಮಾಡುವುದು? ಗೆಂತಾನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಅದಕ್ಕೇ.

"ಗೆಂತಾ ಅವರೇ, ಏನಾಯಿತು? ದಯವಿಟ್ಟು ತಿಳಿಸಿ." ಪಾದ್ರಿಯ ಮಾತು ಯಾವಾಗಲೂ ಪುಸ್ತಕದಿಂದ ಎದ್ದು ಬಂದ ಹಾಗಿರುತ್ತಿತ್ತು.

"ಇದನ್ನ ಇಳಿಸ್ಬೇಕು, ಗುರುಗಳೇ."

"ಇದು ಸಂತೋಷದ ಬಾವುಟವೆಂದು ಒನೊದೆರಾ ಅವರು ಹೇಳಿದರಲ್ಲ."

"ಹೌದು. ಸಂತೋಷದ್ದೇ. ಯಾರ ದೋಣೀದು ಅಂತ ಹೇಳಿದ್ರಾ?"

ಪಾದ್ರಿ ಬಾವುಟದ ಮೇಲಿನ ಹೆಸರು ಓದಿದ. ಆಮೇಲೆ ಒನೊದೆರಾನನ್ನು ನೋಡಿದ. ಒನೊದೆರಾ ಏಣಿಯ ತಿರುಪು ಸಡಿಲವಾಗಿದೆಯೇನೋ ಎಂಬಂತೆ ಅದನ್ನು ತಿರುವುತ್ತಿದ್ದ. ಪಾದ್ರಿ ಚಾಪೆಯ ಮೇಲಿನವರನ್ನು ನೋಡಿದ. ಒಬ್ಬರೂ ತಲೆ ಎತ್ತಲಿಲ್ಲ. ಇಪ್ಪತ್ತು ವರ್ಷ ಇವರ ನಡುವೆ ಇದ್ದವನು. ಆ ಮೌನವನ್ನು ಓದಲು ಬಾರದವನೇನಲ್ಲ. ಅವನ ದೊಡ್ಡ ಕೈಗಳು ಎರಡೂ ಪಕ್ಕದಲ್ಲಿ ಜೋತುಬಿದ್ದವು.

"ನಿಮ್ಮ ತಂದೆಯವರದೇ?"

ಗೆಂತಾ ಹೌದೆಂದು ತಲೆಯಾಡಿಸಿದ.

ಅಷ್ಟರಲ್ಲಿ ಇಂಗ್ರಿದ್ ಹಾರ್ಮೋನಿಯಂ ಒತ್ತಿದಳು. ಮುಂದಿನ ಕುರ್ಚಿಗಳಲ್ಲಿದ್ದ ಅತಿಥಿಗಳು ಹಾಡಿನ ಹಾಳೆ ಹಿಡಿದು ಎದ್ದು ನಿಂತರು. ಅವರಲ್ಲೊಬ್ಬ ಬಾವುಟದ ಕಡೆ ಕ್ಯಾಮೆರಾ ಎತ್ತಿದ್ದ. ಪಾದ್ರಿ ಆ ಕಡೆ ನೋಡಿದ, ಈ ಕಡೆ ನೋಡಿದ.

"ಒಂದು ಹಾಡು," ಎಂದ. "ಈ ಒಂದೇ ಹಾಡು ಮುಗಿಯಲಿ. ನಾನೇ ಇಳಿಸುತ್ತೇನೆ. ಆಮೇಲೆ ನಿಮ್ಮ ತಾಯಿಯವರ ಮುಂದೆ ಮಂಡಿಯೂರಿ ಕ್ಷಮೆ ಕೇಳುತ್ತೇನೆ. ಇಷ್ಟು ಅವಕಾಶ ಕೊಡುವಿರಾ?"

ಜಾರುಬಾಗಿಲು ಮುಚ್ಚಿತ್ತು. ಸಾರು ಹೊರಗೆ ಬರುವುದು ಹಾಡುಗಳೆಲ್ಲ ಮುಗಿದ ಮೇಲೆ. ಒಂದು ಹಾಡೆಂದರೆ ಎಷ್ಟು ಹೊತ್ತು? ಕೆಸರೆತ್ತಿದ ಮನುಷ್ಯ. ಎರಡೂ ಕೈಯಲ್ಲಿ ಹಲಗೆ ಕೊಟ್ಟ ಮನುಷ್ಯ.

ಗೆಂತಾ ಏಣಿಯಿಂದ ಕಾಲು ತೆಗೆದ.

ಹಾಡು ಶುರುವಾಯಿತು. ನಿದ್ದೆ ಹೋದ ಊರಿನ ಮೇಲೆ ನಕ್ಷತ್ರ ಮೂಡಿತಂತೆ, ಕುರಿ ಕಾಯುವವರು ಎದ್ದು ಕೂತರಂತೆ. ಕುರಿಯನ್ನೇ ಕಾಣದ ಮೀನುಗಾರರು ಹಾಳೆ ನೋಡಿಕೊಂಡು ಹಾಡಿದರು. ಫುಸಾ ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಜೋರಾಗಿ ಹಾಡಿದಳು. ಒನೊದೆರಾನೂ ಹಾಡಿದ. ಗೆಂತಾ ಹಲ್ಲು ಕಚ್ಚಿಕೊಂಡು ನಿಂತ. ಇವರ ಗಂಟಲುಗಳನ್ನು ಒಂದೊಂದಾಗಿ ಹಿಡಿದು ಅದುಮಬೇಕು ಅನ್ನಿಸುತ್ತಿತ್ತು. ಹಾಡಿಗೆ ಇಷ್ಟು ಧ್ವನಿ ಇದೆ ಇವರಿಗೆ. 'ಅಮ್ಮಾ, ಅದನ್ನು ಕಟ್ಟಬೇಡಿ' ಎಂದು ಆ ಇಂಗ್ರಿದ್‌ಗೆ ಹೇಳಲು ಇರಲಿಲ್ಲ.

ಹಾಡು ಇನ್ನೂ ನಡುವೆ ಇರುವಾಗ ಜಾರುಬಾಗಿಲು ಸರಿಯಿತು.

ಕಿನುಯೋ ಸೌಟು ಹಿಡಿದು ನಿಂತಿದ್ದಳು. ಬಟ್ಟಲು ಎಷ್ಟು ಬೇಕೆಂದು ಕೇಳಲು ಬಂದಿರಬೇಕು. ಬಾಯಿ ಸ್ವಲ್ಪ ತೆರೆದಿತ್ತು. ಅವಳ ಕಣ್ಣು ತಲೆಗಳ ಸಾಲನ್ನು ದಾಟಿ ಗೋಡೆಗೆ ಹೋಯಿತು. ಅಲ್ಲೇ ನಿಂತಿತು.

ಅವಳು ಕೂಗಲಿಲ್ಲ, ಅಳಲಿಲ್ಲ. ಒಳಗೆ ಹೋದಳು. ತೆರೆದ ಬಾಗಿಲಿನಿಂದ ಗೆಂತಾನಿಗೆ ಎಲ್ಲ ಕಾಣುತ್ತಿತ್ತು. ಮಿಷನ್ನಿನವರು ಕೊಟ್ಟ ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಇಟ್ಟಳು. ಒಂದು ಬಟ್ಟಲಿಗೆ ಸಾರು ಬಡಿಸಿ, ಮುಚ್ಚಳ ಮುಚ್ಚಿ, ಬಟ್ಟೆಯಲ್ಲಿ ಗಂಟು ಕಟ್ಟಿದಳು. ತಲೆಗೆ ಬಿಳಿ ಟವೆಲ್ ಸುತ್ತಿ, ಹಿಂದೆ ಬಿಗಿದು, ಕೂದಲನ್ನು ಒಳಗೆ ಸೇರಿಸಿದಳು. ಹಿಂಬಾಗಿಲಲ್ಲಿ ಕೂತು ರಬ್ಬರ್ ಬೂಟು ಹಾಕಿಕೊಂಡಳು.

"ಹೋಗ್ಬರ್ತೀನಿ," ಎಂದಳು, ಮನೆಯಲ್ಲಿ ಯಾವಾಗಲೂ ಹೇಳುತ್ತಿದ್ದ ಹಾಗೆ, ಯಾರಿಗೂ ಅಲ್ಲ.

ಹಾಡು ಮುಗಿಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು.

"ಎಲ್ಲೋದ್ರು ಅತ್ತಿಗೆ?" ಎಂದ ಒನೊದೆರಾ. "ಸಾರು ಬಡ್ಸೋರ್ಯಾರು?" ಮಾತಿನ ಕೊನೆಗೆ ಅವನ ಕಣ್ಣಿಗೆ ಮಡಿಸಿಟ್ಟ ಏಪ್ರನ್ ಬಿತ್ತು. ಅವನು ಏಣಿಯನ್ನು ಬಿಟ್ಟ. ಆ ಕಟ್ಟೆಯಲ್ಲಿ ಅವಳ ಬಿಳಿ ಟವೆಲನ್ನು ಎಷ್ಟು ಸಲ ನೋಡಿದ್ದನೋ ಅವನು. "ಲೇ ಗೆಂತಾ. ಈಗ ಕಡಲ ಭರತ ಏರೋ ಹೊತ್ತು ಕಣೋ. ಕಟ್ಟೆ ಮೇಲೆಲ್ಲ ನೀರು ಹತ್ತಿರ್ತದೆ."

ಭೂಮಿ ನಡುಗಿದ ದಿನವೇ ಕಟ್ಟೆ ಸೊಂಟದಷ್ಟು ಕುಸಿದಿತ್ತು. ಅದು ಎಲ್ಲರಿಗೂ ಗೊತ್ತಿದ್ದದ್ದೇ.

ಗೆಂತಾ ಮೊಳೆಯಿಂದ ಅಮ್ಮನ ಕೋಟನ್ನು ಎಳೆದುಕೊಂಡ. ಒದ್ದೆ ಕಾಲುಚೀಲದಲ್ಲೇ ಬೂಟಿಗೆ ಕಾಲು ತುರುಕಿದ. ಹೋಲ್ಮ್ ಪಾದ್ರಿ ಏಣಿಯ ಮೇಲಿದ್ದ. ಬಾವುಟದ ಒಂದು ಮೂಲೆ ಬಿಚ್ಚಿತ್ತು, ಮೀನು ತಲೆಕೆಳಗಾಗಿ ಆತನ ಹೆಗಲ ಮೇಲೆ ಬಿದ್ದಿತ್ತು.

"ಗೆಂತಾ ಅವರೇ. ತಾಯಿಯವರು ಎಲ್ಲಿಗೆ ಹೋದರು?"

ಗೆಂತಾ ಬಾಗಿಲು ಸರಿಸಿದ. ಹೊರಗೆ ಆಗಲೇ ಬೆಳಕು ಇಳಿದಿತ್ತು, ತೆಳುವಾಗಿ ಹಿಮ ಬೀಳುತ್ತಿತ್ತು. ಪಾದ್ರಿ ಏಣಿಯಿಂದ ಇಳಿದು, ಬರಿಗಾಲಲ್ಲಿ ಹೊಸ್ತಿಲವರೆಗೆ ಬಂದ. ಗೋಡೆಯಿಂದ ಕಿತ್ತುಬಂದ ಬಾವುಟ ಆತನ ಹಿಂದೆ ಚಾಪೆಯ ಮೇಲೆ ಎಳೆದುಕೊಂಡು ಬಂತು.

"ನಾನೂ ಬರಬಹುದೇ? ಗೆಂತಾ ಅವರೇ, ನಾನೇನು ಮಾಡಲಿ, ಹೇಳಿ."

ಗೆಂತಾ ತಿರುಗಿ ನೋಡಲಿಲ್ಲ. ಅಮ್ಮನ ಬೂಟಿನ ಗುರುತು ಗುಡ್ಡ ಇಳಿದು, ಊರಿದ್ದ ಬಯಲಿನ ನಡುವೆ ಹೋಗಿತ್ತು. ನೇರ ಹೋದರೆ ಕಡಲು ಹತ್ತಿರ, ಅಡ್ಡ ಬರಲು ಈಗ ಒಂದು ಗೋಡೆಯೂ ಇಲ್ಲ. ಆದರೆ ಹೆಜ್ಜೆಗಳು ನೇರ ಹೋಗಿರಲಿಲ್ಲ. ಮೊದಲು ತೋಫು ಅಂಗಡಿಯಿದ್ದಲ್ಲಿ ಅವು ಎಡಕ್ಕೆ ತಿರುಗಿದ್ದವು, ಅಂಗಡಿಯ ಮೂಲೆಯೂ ಕಟ್ಟೆಗಿಳಿಯುವ ಬೀದಿಯೂ ಇನ್ನೂ ಅಲ್ಲೇ ಇವೆ ಎಂಬಂತೆ.

ಕೋಟನ್ನು ಕಂಕುಳಲ್ಲಿ ಒತ್ತಿಕೊಂಡು ಗೆಂತಾನೂ ಅಲ್ಲಿ ಎಡಕ್ಕೆ ತಿರುಗಿದ.