ತಳದ ನೀರು

ಗಂಡನ ಶವಪೆಟ್ಟಿಗೆಯನ್ನು ವ್ಯಾನಿಗೆ ಏರಿಸುತ್ತಿದ್ದವರನ್ನು ಅವಳು ತಡೆದಳು. ಗುಂಡಿ ತೋಡಿಸಿರುವುದು ಈ ಊರಿನಲ್ಲಲ್ಲ, ಉತ್ತರ ದಡದ ಹಳ್ಳಿಯಲ್ಲಿ ಎಂದಳು. ಗಂಡ ಸತ್ತು ಇವಳ ತಲೆ ಕೆಟ್ಟಿದೆ ಎಂದು ಯಾರೋ ಗೊಣಗಿದರು.

ಸತ್ತವನನ್ನು ಎಲ್ಲರೂ ಮೊಟ್ಟೆ ಮಾಸ್ತರ ಎನ್ನುತ್ತಿದ್ದರು. ಸಂಶೋಧನಾ ಕೇಂದ್ರದ ದೋಣಿಯಿಂದ ಸಣ್ಣ ಕಣ್ಣಿನ ಬಲೆ ಎಳೆದು, ಮೀನಿನ ಮೊಟ್ಟೆ-ಮರಿಗಳನ್ನು ಸಮುದ್ರದ ಹರಿವು ಎಲ್ಲಿಗೆ ಒಯ್ಯುತ್ತದೆಂದು ನೋಡುವುದು ಅವನ ಕೆಲಸ. ಹೊಸ ನೆರೆಯವರು ಡಜನ್‌ಗೆ ಎಷ್ಟು ಎಂದು ಬಾಗಿಲು ತಟ್ಟಿದ್ದೂ ಉಂಟು.

*

ಹಲವು ವರ್ಷಗಳ ಹಿಂದೆ ಮಗನ ದೋಣಿ ಮಗುಚಿದ ದಿನ ಹುಡುಕುವವರು ಮಾಸ್ತರನನ್ನೇ ಕೇಳಿದ್ದರು. ಈ ತಿಂಗಳು ಅಲ್ಲಿಯ ಮೊಟ್ಟೆಗಳೆಲ್ಲ ದಕ್ಷಿಣಕ್ಕೆ ಹೋಗುತ್ತವೆ ಎಂದು ಅವನು ಕೈ ತೋರಿಸಿದ. ದೋಣಿಗಳೆಲ್ಲ ದಕ್ಷಿಣಕ್ಕೆ ಹೋಗಿ ಬರಿಗೈಲಿ ಬಂದವು.

ಮೊಟ್ಟೆ ಮೇಲಿನ ನೀರಿನಲ್ಲಿ ತೇಲುತ್ತದೆ. ತಳದ ನೀರು ಆಗ ಉತ್ತರಕ್ಕೆ ಹರಿಯುತ್ತದೆ. ಅದು ಅವನಿಗೆ ಗೊತ್ತಿರದ ವಿಷಯವಲ್ಲ. ಆದರೆ ಅವನು ಬದುಕಿ ತೇಲುವ ಮಗನ ಲೆಕ್ಕ ಹಾಕಿದ್ದ. ಆಮೇಲೂ ರಜೆ ಸಿಕ್ಕಾಗಲೆಲ್ಲ ದಕ್ಷಿಣದ ದಡದಲ್ಲೇ ಅಲೆದ.

*

"ಅತ್ತಿಗೆ, ಅಲ್ಲಿ ನಮ್ಮವರು ಯಾರಿದಾರೆ?" ಎಂದು ಪೆಟ್ಟಿಗೆ ಹಿಡಿದಿದ್ದ, ಕೇಂದ್ರದ ದೋಣಿ ನಡೆಸುವವನು ಕೇಳಿದ.

ಅವಳು ಮಗಳ ಕಡೆ ನೋಡಿದಳು. "ನಿನ್ನ ತಮ್ಮ ಇದಾನೆ."

ಮಗ ಹೋದ ಮರುವರ್ಷ ಆ ಹಳ್ಳಿಗೆ ಒಣಮೀನು ತರಲು ಹೋದಾಗ ಅವಳಿಗೆ ಗೊತ್ತಾಗಿತ್ತು. ಗುರುತಿಲ್ಲದ ಹುಡುಗನನ್ನು ಹೂತವರು ಅಂಗಿ ಎತ್ತಿಟ್ಟಿದ್ದರು. ಅವಳೇ ಹೊಲಿದ ಅಂಗಿ.

"ಅಪ್ಪನಿಗೆ ಹೇಳಲೇ ಇಲ್ವಾ?"

"ದಿಕ್ಕು ತೋರಿಸಿದ್ದು ಅವರೇ ಅಲ್ವೇನೆ? ಹೇಳಿದ್ರೆ ಬದುಕ್ತಿದ್ರಾ?"

"ಅಲ್ಲಿಲ್ಲ ಅಂತ ಗೊತ್ತಿದ್ದೂ ಬುತ್ತಿ ಕಟ್ಟಿ ಕಳಿಸ್ತಿದ್ದೆಯಲ್ಲಮ್ಮ."

"ಹಸ್ಕೊಂಡು ಹುಡುಕ್ಲಿ ಅಂತೀಯಾ?"

ಮಗಳು ವ್ಯಾನಿನಲ್ಲಿ ತಾಯಿಯ ಪಕ್ಕ ಕೂರಲಿಲ್ಲ. ಮುಂದೆ, ವ್ಯಾನ್ ಓಡಿಸುವವನ ಬಳಿ ಕೂತು ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡಿದಳು.

ಗುಂಡಿ ಸಿದ್ಧವಿತ್ತು. ಹೆಸರಿಲ್ಲದ ದಿಬ್ಬಕ್ಕೂ ಅದಕ್ಕೂ ನಡುವೆ ಒಂದಾಳು ನಡೆಯುವಷ್ಟು ಜಾಗ. ಓಡಾಡೋಕೆ ಬೇಕಲ್ಲಮ್ಮ, ಅದಕ್ಕೇ ಬಿಟ್ಟಿದ್ದು ಎಂದು ತೋಡಿದವನು ವಿವರಿಸಿದ. ಅವಳು ಸೆರಗು ಸಿಕ್ಕಿಸಿ ಗುದ್ದಲಿ ಎತ್ತಿಕೊಂಡಳು. ಆ ನಡುವಿನ ಜಾಗಕ್ಕೆ ಒಂದೇಟು ಹಾಕುವಷ್ಟರಲ್ಲಿ ಕೈ ಸೋತಿತು.

ಮಗಳು ಅವಳ ಕೈಯಿಂದ ಗುದ್ದಲಿ ಕಸಿದುಕೊಂಡಳು. ಗುಂಡಿಗಿಳಿದು, ತಮ್ಮನಿದ್ದ ಕಡೆಯ ಒದ್ದೆ ಮರಳನ್ನು ಕಡಿಯತೊಡಗಿದಳು.